ಕಿತ್ತಳೆ ಬುಡಕ್ಕೊಂದು ಡ್ರಮ್ ಗೊಬ್ಬರನೀರು

ಒಂದು ಟನ್ ಕಿತ್ತಳೆ ಹಣ್ಣು ತೋಟದಿಂದ ಆಚೆ ಹೋದಾಗ ಅದರೊಂದಿಗೆ ಸುಮಾರು ಒಂದೂವರೆ ಕಿಲೋ ಸಾರಜನಕ, ಎರಡು ಕಿಲೋದಷ್ಟು ಪೊಟ್ಯಾಶಿಯಂ, ಇನ್ನೂರು ಗ್ರಾಂ ರಂಜಕ ಹೊರಟು ಹೋಗುತ್ತವೆ. ಹಣ್ಣಿನ ಲೋಡು ಗೋಣಿಕೊಪ್ಪಕ್ಕೆ ಹೋದರೂ ಅಷ್ಟೇ, ಗಡಿ ದಾಟಿ ಕೇರಳದ ಮಾನಂತವಾಡಿಗೆ ಇಳಿದರೂ ಅಷ್ಟೇ. ಹೋದದ್ದು ಮರಳಿ ಬರುವುದಿಲ್ಲ. ಮುಂದಿನ ವರ್ಷದ ಹಣ್ಣು ಚಿಕ್ಕದಾಗಿ, ಹುಳಿಯಾಗಿ, ಸಿಪ್ಪೆ ದಪ್ಪವಾಗಿ ಬಂದಾಗ ನಾವು ಮಳೆಯನ್ನು ದೂರುತ್ತೇವೆ, ಮರಕ್ಕೆ ವಯಸ್ಸಾಯಿತು ಎನ್ನುತ್ತೇವೆ. ಆಮೇಲೆ ಕೊಟ್ಟಿಗೆಯ ಪಕ್ಕದಲ್ಲಿ ಒಂದು ನೀಲಿ ಡ್ರಮ್ ತಂದಿಟ್ಟು ಸಗಣಿ, ಗಂಜಲ, ಬೆಲ್ಲ ಕಲಸುತ್ತೇವೆ.

ಈ ಅಧ್ಯಾಯ ಆ ಡ್ರಮ್ಮನ್ನು ಕುರಿತದ್ದು. ಅದರೊಳಗೆ ಏನು ನಡೆಯುತ್ತದೆ, ಹಣ್ಣಿಗೆ ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಒಂದೊಂದಾಗಿ ನೋಡೋಣ. ಊರು ಕೊಡಗಿನ ಕುಟ್ಟ ಎಂದಿಟ್ಟುಕೊಳ್ಳೋಣ. ಒಂದು ಕಡೆ ಬ್ರಹ್ಮಗಿರಿ ಸಾಲು, ಇನ್ನೊಂದು ಕಡೆ ನಾಗರಹೊಳೆ ಕಾಡು, ರಸ್ತೆ ಹಿಡಿದು ಮುಂದೆ ಹೋದರೆ ತೋಲ್ಪೆಟ್ಟಿ ದಾಟಿ ವಯನಾಡು. ಇಲ್ಲಿ ಕಿತ್ತಳೆ ಮರಕ್ಕೆ ಪ್ರತ್ಯೇಕ ಹೊಲವಿಲ್ಲ. ಮೇಲೆ ಹಲಸು, ಸಿಲ್ವರ್ ಮರಗಳ ನೆರಳು, ಅವುಗಳ ಮೈಗೆ ಹಬ್ಬಿದ ಕರಿಮೆಣಸಿನ ಬಳ್ಳಿ, ಕೆಳಗೆ ರೊಬಸ್ಟಾ ಕಾಫಿ, ಇವುಗಳ ನಡುವೆ ಅಲ್ಲೊಂದು ಇಲ್ಲೊಂದು ಕಿತ್ತಳೆ. ಎಲ್ಲವೂ ಒಂದೇ ಮಣ್ಣಿಗೆ ಬೇರು ಚಾಚಿರುತ್ತವೆ.

ಕೊಡಗಿನ ಕಿತ್ತಳೆಯ ಗುಣವೇ ಬೇರೆ. ನಾಗಪುರದ ಹಣ್ಣಿಗೆ ಹೋಲಿಸಿದರೆ ಇದರ ಸಿಪ್ಪೆ ತೊಳೆಗಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಬಣ್ಣ ಹಸಿರು ಬೆರೆತ ಹಳದಿ, ರುಚಿ ಸಿಹಿಯೊಳಗೆ ಹುಳಿ, ಕಿತ್ತ ಮೇಲೆ ಹೆಚ್ಚು ದಿನ ಕೆಡದೆ ಉಳಿಯುತ್ತದೆ. 2006ರಲ್ಲಿ ಇದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಮಾನ್ಯತೆ ಸಿಗುವ ಹೊತ್ತಿಗೆ ಮರಗಳು ಮಾತ್ರ ವಿರಳವಾಗಿದ್ದವು. ಕಳೆದ ಶತಮಾನದ ಮಧ್ಯಭಾಗದಲ್ಲಿ ಜಿಲ್ಲೆಯ ತುಂಬ ಇದ್ದ ಕಿತ್ತಳೆ, ತುದಿಯಿಂದ ಒಣಗುತ್ತ ಬರುವ ರೋಗಕ್ಕೆ ಸಿಕ್ಕಿ ತೋಟದಿಂದ ತೋಟಕ್ಕೆ ಕರಗುತ್ತ ಹೋಯಿತು. ಉಳಿದಿರುವ ಮರಗಳ ಹಣ್ಣನ್ನಾದರೂ ಒಳ್ಳೆಯದಾಗಿ ಬೆಳೆಯಬೇಕೆಂಬ ಆಸೆ ಸಹಜ. ಡ್ರಮ್ಮಿನ ಮೇಲೆ ಜನ ಇಟ್ಟಿರುವ ನಂಬಿಕೆಯ ಹಿಂದೆ ಇರುವುದು ಈ ಆಸೆ.

ಮರಗಿಡಗಳಿಗೆ ಕೊಳೆಸಿದ ದ್ರವವನ್ನು ಉಣಿಸುವುದು ನಮ್ಮಲ್ಲಿ ಹೊಸದೇನಲ್ಲ. ಚಾಳುಕ್ಯರ ಕಾಲದ ಎರಡನೆಯ ಚಾವುಂಡರಾಯ ಸುಮಾರು 1025ರಲ್ಲಿ ಬರೆದ ‘ಲೋಕೋಪಕಾರ’ ಕನ್ನಡದಲ್ಲಿ ನಿತ್ಯಜೀವನಕ್ಕೆ ಬೇಕಾದ ವಿದ್ಯೆಗಳನ್ನು ಹೇಳುವ ಹಳೆಯ ಗ್ರಂಥ. ಅದರಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಇದೆ. ಹೆಚ್ಚುಕಡಿಮೆ ಅದೇ ಕಾಲದ್ದೆಂದು ಹೇಳುವ ಸುರಪಾಲನ ಸಂಸ್ಕೃತ ‘ವೃಕ್ಷಾಯುರ್ವೇದ’ದಲ್ಲಿ ಮಾಂಸ, ಮೀನು, ಮೂಳೆಮಜ್ಜೆಗಳನ್ನು ಬೇಯಿಸಿ ಕೊಳೆಸಿ ಮಾಡುವ ಕುಣಪಜಲದ ವಿಧಾನವಿದೆ. ಕೊಳೆತ ಪ್ರಾಣಿಜನ್ಯ ವಸ್ತುವಿನ ಸಾರಜನಕ ಗಿಡಕ್ಕೆ ಬೇಗ ದಕ್ಕುತ್ತದೆ ಎಂಬುದನ್ನು ಸಾವಿರ ವರ್ಷಗಳ ಹಿಂದಿನವರು ಕಂಡುಕೊಂಡಿದ್ದರು. ಸಾರಜನಕ ಎಂಬ ಹೆಸರು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಈಗ ಲೆಕ್ಕಕ್ಕೆ ಬರೋಣ. ನೈಸರ್ಗಿಕ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರರು ಜನಪ್ರಿಯಗೊಳಿಸಿದ ಜೀವಾಮೃತದ ಅಳತೆ ಈಗ ಎಲ್ಲರಿಗೂ ಬಾಯಿಪಾಠ: 200 ಲೀಟರ್ ನೀರು, 10 ಕಿಲೋ ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಇದು ಒಂದು ಎಕರೆಗೆ. ಹಸಿ ಸಗಣಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ ಇರುವುದರಿಂದ 10 ಕಿಲೋದಲ್ಲಿ ಸಿಗುವ ಸಾರಜನಕ 30ರಿಂದ 40 ಗ್ರಾಂ. 10 ಲೀಟರ್ ಗಂಜಲದಲ್ಲಿ 80ರಿಂದ 100 ಗ್ರಾಂ. ಹಿಟ್ಟಿನ ಪ್ರೋಟೀನಿನಲ್ಲಿ ಸುಮಾರು 70 ಗ್ರಾಂ. ಎಲ್ಲ ಕೂಡಿದರೆ ಒಂದು ಡ್ರಮ್ಮಿಗೆ ಸುಮಾರು 200 ಗ್ರಾಂ ಸಾರಜನಕ. ಎಕರೆಗೆ 40 ಕಿತ್ತಳೆ ಮರಗಳಿವೆ, ಕಾಫಿ ಗಿಡಗಳು ಒಂದು ಹನಿಯನ್ನೂ ಕದಿಯಲಿಲ್ಲ ಎಂದೇ ಇಟ್ಟುಕೊಂಡರೂ ಮರವೊಂದಕ್ಕೆ ಬಂದದ್ದು 5 ಗ್ರಾಂ. ಬೆಳೆದ ಕಿತ್ತಳೆ ಮರಕ್ಕೆ ವರ್ಷಕ್ಕೆ 600 ಗ್ರಾಂ ಸಾರಜನಕ, 200 ಗ್ರಾಂ ರಂಜಕ, 400 ಗ್ರಾಂ ಪೊಟ್ಯಾಷ್, ಜೊತೆಗೆ 30 ಕಿಲೋ ಕೊಟ್ಟಿಗೆ ಗೊಬ್ಬರ ಎನ್ನುತ್ತದೆ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಶಿಫಾರಸು. ಪೂರ್ತಿ ಡ್ರಮ್ಮನ್ನು ಒಂದೇ ಮರದ ಬುಡಕ್ಕೆ ಸುರಿದರೂ ಆ ಮರದ ವರ್ಷದ ಅಗತ್ಯದ ಮೂರನೇ ಒಂದು ಪಾಲಷ್ಟೇ ಆಯಿತು.

ಹಾಗಾದರೆ ಜೀವಾಮೃತ ವ್ಯರ್ಥವೆ? ಅಲ್ಲ. ಅದು ಗೊಬ್ಬರವಾಗಿ ದುರ್ಬಲ, ಸೂಕ್ಷ್ಮಜೀವಿಗಳ ಸಾರವಾಗಿ ಸಬಲ. ಬೆಲ್ಲದ ಸಕ್ಕರೆ ಬ್ಯಾಕ್ಟೀರಿಯಾಗಳಿಗೆ ತಕ್ಷಣದ ಶಕ್ತಿ, ಹಿಟ್ಟಿನ ಪ್ರೋಟೀನು ಮೈಕಟ್ಟುವ ಸಾಮಗ್ರಿ. ಎರಡೂ ಸಿಕ್ಕಾಗ ಅವು ಗಂಟೆಗಳ ಲೆಕ್ಕದಲ್ಲಿ ಇಮ್ಮಡಿಸುತ್ತವೆ. ಎರಡು ದಿನ ಬಿಟ್ಟು ಬಳಸಿ, ವಾರದೊಳಗೆ ಮುಗಿಸಿ ಎಂಬುದು ರೂಢಿಯ ಮಾತು. ಆದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ದಿನದಿನವೂ ಎಣಿಸಿದಾಗ ಸೂಕ್ಷ್ಮಜೀವಿಗಳ ಸಂಖ್ಯೆ 9ರಿಂದ 12ನೇ ದಿನದ ನಡುವೆ ಗರಿಷ್ಠ ಮಟ್ಟದಲ್ಲಿತ್ತು. ರೂಢಿಯನ್ನು ಅಳತೆಗೋಲಿನ ಮುಂದೆ ನಿಲ್ಲಿಸಿದರೆ ಇಂಥ ತಿದ್ದುಪಡಿಗಳು ಸಿಗುತ್ತವೆ. ಅದರಿಂದ ರೂಢಿಗೆ ಅವಮಾನವಾಗುವುದಿಲ್ಲ.

ಈ ಜೀವಿಗಳು ಮಣ್ಣಿಗಿಳಿದು ಮಾಡುವ ಕೆಲಸ ತರಗೆಲೆ, ಕಳೆ, ಸಗಣಿಗೊಬ್ಬರಗಳನ್ನು ಒಡೆದು ಅವುಗಳಲ್ಲಿ ಸೆರೆಯಾದ ಪೋಷಕಾಂಶಗಳನ್ನು ಬಿಡಿಸುವುದು. ಜೀವಾಮೃತ ಹೆಪ್ಪು ಇದ್ದ ಹಾಗೆ. ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿ ಮೊಸರು ಕಾಯುವಂತಿಲ್ಲ. ಕುಟ್ಟದ ನೆರಳಿನ ತೋಟಕ್ಕೆ ಇಲ್ಲಿ ಒಂದು ದೊಡ್ಡ ಅನುಕೂಲವಿದೆ. ನೆರಳು ಹದಮಾಡಲು ಮರಕಪಾತು ಮಾಡಿ ಕೆಡವಿದ ಸೊಪ್ಪು, ವರ್ಷವಿಡೀ ಉದುರುವ ಎಲೆ, ಇವೆಲ್ಲ ನೆಲದ ಮೇಲೆ ಹಾಸಿಗೆಯಂತೆ ಬಿದ್ದಿರುತ್ತವೆ. ಬಯಲುಸೀಮೆಯ ಬೋಳು ಹೊಲದಲ್ಲಿ ಸೋಲುವ ಜೀವಾಮೃತ ಇಲ್ಲಿ ಗೆಲ್ಲುವ ಸಾಧ್ಯತೆ ಹೆಚ್ಚು. ತರಗೆಲೆಯನ್ನೆಲ್ಲ ಗುಡಿಸಿ ಸುಟ್ಟು ಆಮೇಲೆ ಡ್ರಮ್ಮಿನ ನೀರು ಹೊಯ್ಯುವವರು ಮಾತ್ರ ತಮ್ಮ ಶ್ರಮವನ್ನೂ ಬೆಲ್ಲವನ್ನೂ ಕಳೆದುಕೊಳ್ಳುತ್ತಾರೆ.

ಬೆಲ್ಲದ ವಿಷಯಕ್ಕೆ ಬಂದಾಗ ಒಂದು ತಪ್ಪು ನಂಬಿಕೆಯನ್ನು ಬಿಡಿಸಲೇಬೇಕು. ಬೇರಿಗೆ ಬೆಲ್ಲ ಹಾಕಿದರೆ ಹಣ್ಣು ಸಿಹಿಯಾಗುವುದಿಲ್ಲ. ಹಾಕಿದ ಬೆಲ್ಲವನ್ನು ಡ್ರಮ್ಮಿನಲ್ಲಿ ಅಥವಾ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಕಿತ್ತಳೆಯೊಳಗಿನ ಸಕ್ಕರೆ ತಯಾರಾಗುವುದು ಎಲೆಯಲ್ಲಿ, ಬಿಸಿಲಿನಿಂದ. ಎಲೆಯಿಂದ ಅದು ಆಹಾರನಾಳಗಳ ಮೂಲಕ ಹಣ್ಣಿಗೆ ಸಾಗುತ್ತದೆ. ಆದ್ದರಿಂದ ಹಣ್ಣಿನ ಸಿಹಿಯನ್ನು ನಿರ್ಧರಿಸುವುದು ಆರೋಗ್ಯವಂತ ಎಲೆಗಳ ಸಂಖ್ಯೆ, ಆ ಎಲೆಗಳಿಗೆ ಬೀಳುವ ಬೆಳಕು, ಸಕ್ಕರೆಯನ್ನು ಸಾಗಿಸುವ ವ್ಯವಸ್ಥೆ. ನೆರಳು ವಿಪರೀತವಾದ ತೋಟದಲ್ಲಿ ಯಾವ ದ್ರಾವಣ ಹಾಕಿದರೂ ಹಣ್ಣು ಹುಳಿಯಾಗಿಯೇ ಉಳಿಯುವುದು ಇದಕ್ಕೇ. ಕಿತ್ತಳೆಯ ನೆತ್ತಿಯ ಮೇಲಿನ ಎರಡು ಕೊಂಬೆ ಕಡಿಸುವುದು ಕೆಲವೊಮ್ಮೆ ಹತ್ತು ಡ್ರಮ್ಮಿಗಿಂತ ಹೆಚ್ಚಿನ ಫಲ ಕೊಟ್ಟೀತು.

ಸಕ್ಕರೆಯ ಸಾಗಣೆಯಲ್ಲಿ ಮುಖ್ಯ ಪಾತ್ರ ಪೊಟ್ಯಾಶಿಯಮ್ಮಿನದು. ಎಲೆಯ ರಂಧ್ರಗಳು ತೆರೆಯುವುದೂ ಮುಚ್ಚುವುದೂ ಅದರಿಂದಲೇ, ಆಹಾರನಾಳಕ್ಕೆ ಸಕ್ಕರೆ ತುಂಬುವುದಕ್ಕೂ ಅದು ಬೇಕು. ಅದು ಕಡಿಮೆಯಾದ ಮರದಲ್ಲಿ ಹಣ್ಣು ಚಿಕ್ಕದು, ಸಿಪ್ಪೆ ತೆಳು, ಬಿರಿಯುವುದೂ ಉದುರುವುದೂ ಹೆಚ್ಚು. ಹಾಗೆಂದು ಸುರಿಯಬಾರದು. ಪೊಟ್ಯಾಶಿಯಂ ಅತಿಯಾದರೆ ಹಣ್ಣು ಗಾತ್ರದಲ್ಲಿ ಹಿಗ್ಗುತ್ತದೆ, ಸಿಪ್ಪೆ ಒರಟಾಗುತ್ತದೆ, ರಸದ ಹುಳಿಯೂ ಏರುತ್ತದೆ. ಸಾರಜನಕ ಅತಿಯಾದರೂ ಸಿಪ್ಪೆ ದಪ್ಪವಾಗುತ್ತದೆ, ಬಣ್ಣ ತಿರುಗುವುದು ತಡವಾಗುತ್ತದೆ. ರಂಜಕ ಸಾಕಷ್ಟಿದ್ದ ಮರದ ಹಣ್ಣಿನ ಸಿಪ್ಪೆ ತೆಳು, ಹುಳಿ ಕಡಿಮೆ. ಹಣ್ಣಿನ ಗುಣಮಟ್ಟ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರ ಹಿಂದೆ ಇಷ್ಟೆಲ್ಲ ಎಳೆದಾಟವಿದೆ.

ಕುಟ್ಟದಲ್ಲಿ ಪೊಟ್ಯಾಷ್ ಎಲ್ಲಿ ಸಿಗುತ್ತದೆ? ಕಾಫಿಯಲ್ಲೇ ಇದೆ. ರೊಬಸ್ಟಾ ಚೆರ್ರಿಯನ್ನು ಕಣದಲ್ಲಿ ಒಣಗಿಸಿ ಮೂಟೆ ಕಟ್ಟಿ ಮಾರುತ್ತೇವಲ್ಲ, ಆ 50 ಕಿಲೋ ಮೂಟೆಯಲ್ಲಿ ಬೀಜದ ತೂಕ 26–28 ಕಿಲೋ. ಉಳಿದದ್ದು ಹೊಟ್ಟು. ನೂರು ಕಿಲೋ ಒಣ ಹೊಟ್ಟಿನಲ್ಲಿ ಸುಮಾರು ಎರಡು ಕಿಲೋ ಪೊಟ್ಯಾಶಿಯಂ ಇರುತ್ತದೆ. ಒಂದು ಟನ್ ಕಿತ್ತಳೆ ಹೊತ್ತೊಯ್ದಷ್ಟನ್ನೇ ನೂರು ಕಿಲೋ ಹೊಟ್ಟು ವಾಪಸು ಕೊಡಬಲ್ಲದು! ಚೆರ್ರಿ ಮಾರಿದವರು ಹೊಟ್ಟನ್ನೂ ಅದರ ಜೊತೆ ಕಳುಹಿಸಿಬಿಡುತ್ತಾರೆ. ಬೀಜ ಬಿಡಿಸುವ ಹಲ್ಲರ್‌ನಿಂದ ಹೊಟ್ಟನ್ನು ಮರಳಿ ತರಿಸಿಕೊಳ್ಳುವುದು ಬುದ್ಧಿವಂತಿಕೆ.

ಪೊಟ್ಯಾಶಿಯಮ್ಮಿಗೆ ಇನ್ನೊಂದು ಗುಣವಿದೆ. ಸಾರಜನಕದಂತೆ, ರಂಜಕದಂತೆ ಅದು ಸಸ್ಯದ ಮೈಯಲ್ಲಿ ದೊಡ್ಡ ಅಣುಗಳ ಭಾಗವಾಗಿ ಕೂತಿರುವುದಿಲ್ಲ. ಜೀವಕೋಶದ ರಸದಲ್ಲಿ ಕರಗಿದ ಸ್ಥಿತಿಯಲ್ಲೇ ಇರುತ್ತದೆ. ಕೋಶದ ಗೋಡೆ ಒಡೆದರೆ ಸಾಕು, ನೀರಿಗೆ ಬಂದುಬಿಡುತ್ತದೆ. ಅದಕ್ಕೇ ದ್ರವಗೊಬ್ಬರಕ್ಕೆ ಹೇಳಿ ಮಾಡಿಸಿದ ಪೋಷಕಾಂಶ ಇದು. ಗೊನೆ ಕಡಿದ ಬಾಳೆಯ ದಿಂಡನ್ನು ಕೊಚ್ಚಿ ನೀರಲ್ಲಿ ನೆನೆಸಿಟ್ಟರೆ ಕೆಲವೇ ದಿನಗಳಲ್ಲಿ ಅದರ ಪೊಟ್ಯಾಶಿಯಂ ನೀರಿಗಿಳಿಯುತ್ತದೆ. ಗುಜರಾತಿನ ನವಸಾರಿ ಕೃಷಿ ವಿಶ್ವವಿದ್ಯಾಲಯ ಬಾಳೆದಿಂಡಿನ ರಸದಿಂದಲೇ ‘ನೋವೆಲ್’ ಎಂಬ ದ್ರವ ಗೊಬ್ಬರ ತಯಾರಿಸಿ ಮಾರುಕಟ್ಟೆಗೆ ತಂದಿದೆ. ಕಾಫಿ ಹೊಟ್ಟನ್ನು ಮಾತ್ರ ಹಸಿಯಾಗಿ ನೆನೆಸಿ ಹಾಕಬಾರದು. ಅದರಲ್ಲಿ ಕೆಫೀನ್, ಟ್ಯಾನಿನ್ ಇವೆ, ಎಳೆಬೇರಿಗೆ ಅವು ಒಳ್ಳೆಯದಲ್ಲ. ಸಗಣಿ ಬೆರೆಸಿ ನಾಲ್ಕಾರು ತಿಂಗಳು ಕಾಂಪೋಸ್ಟ್ ಮಾಡಿ, ಆ ಕಾಂಪೋಸ್ಟನ್ನು ಗೋಣಿಚೀಲದಲ್ಲಿ ಕಟ್ಟಿ ಡ್ರಮ್ಮಿನ ನೀರಲ್ಲಿ ಇಳಿಬಿಟ್ಟು ತೆಗೆದ ಕಷಾಯ ಬಳಸುವುದು ಸರಿಯಾದ ದಾರಿ.

ಒಲೆಬೂದಿಯಲ್ಲೂ ಪೊಟ್ಯಾಷ್ ಇದೆ, ಸುಣ್ಣದ ಅಂಶವೂ ಇದೆ. ಕೊಡಗಿನ ಹುಳಿಮಣ್ಣಿಗೆ ಎರಡೂ ಬೇಕಾದವೇ. ಆದರೆ ಬೂದಿಯನ್ನು ಗಂಜಲದ ಡ್ರಮ್ಮಿಗೆ ಹಾಕುವ ಅಭ್ಯಾಸ ಮಾತ್ರ ತಪ್ಪು. ಗಂಜಲದಲ್ಲಿನ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ದ್ರಾವಣ ಹುಳಿಯಾಗಿದ್ದರೆ ಅದು ಅಮೋನಿಯಮ್ ರೂಪದಲ್ಲಿ ನೀರಿನಲ್ಲೇ ಉಳಿಯುತ್ತದೆ. ಬೂದಿಯ ಕ್ಷಾರ ಸೇರಿತೋ, ಅನಿಲವಾಗಿ ಹಾರಿಹೋಗುತ್ತದೆ. ಡ್ರಮ್ಮಿನ ಮುಚ್ಚಳ ತೆಗೆದಾಗ ಕಣ್ಣಲ್ಲಿ ನೀರು ತರಿಸುವ ಘಾಟು ಬಂದರೆ ಅದು ಸಾರಜನಕ ಗಾಳಿಗೆ ಹೋಗುತ್ತಿರುವ ಲಕ್ಷಣ. ಬೆಲ್ಲಕ್ಕೂ ಹುಳಿಮಜ್ಜಿಗೆಗೂ ಇಲ್ಲಿ ನಿಜವಾದ ಕೆಲಸವಿದೆ: ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಹುಳಿಯಾಗಿಸಿ ಅಮೋನಿಯಾವನ್ನು ಹಿಡಿದಿಡುತ್ತವೆ. ಬೂದಿಯನ್ನು ಬೇರೆಯಾಗಿ, ಬೇರೆ ದಿನ, ಮರದ ಸುತ್ತ ತೆಳುವಾಗಿ ಎರಚಬೇಕು.

ಡ್ರಮ್ಮಿನ ದ್ರವ ನಿಜಕ್ಕೂ ಗೊಬ್ಬರವಾಗಬೇಕಾದರೆ ಅದಕ್ಕೆ ಹಿಂಡಿ ಬೀಳಬೇಕು. ಕಡಲೆಕಾಯಿ ಹಿಂಡಿಯಲ್ಲಿ ಶೇ 7ರಷ್ಟು ಸಾರಜನಕವಿದೆ, ಬೇವಿನ ಹಿಂಡಿಯಲ್ಲೂ ಹರಳು ಹಿಂಡಿಯಲ್ಲೂ ಶೇ 4ರಿಂದ 5. ಹತ್ತು ಕಿಲೋ ಕಡಲೆಕಾಯಿ ಹಿಂಡಿ ಎಂದರೆ 700 ಗ್ರಾಂ ಸಾರಜನಕ, ಜೀವಾಮೃತದ ಮೂರು ಡ್ರಮ್ಮಿಗಿಂತ ಹೆಚ್ಚು. ಹಿಂಡಿಯನ್ನು ರಾತ್ರಿ ನೆನೆಸಿ, ಹತ್ತು ಕಿಲೋ ಸಗಣಿ, ಸಿಕ್ಕಷ್ಟು ಗಂಜಲ, ಒಂದು ಕಿಲೋ ಬೆಲ್ಲದೊಡನೆ 200 ಲೀಟರ್ ಮಾಡಿ, ನೆರಳಲ್ಲಿಟ್ಟು, ಗೋಣಿ ಮುಚ್ಚಿ, ಬೆಳಿಗ್ಗೆ ಸಂಜೆ ಕೋಲಿನಲ್ಲಿ ತಿರುವುತ್ತ ಒಂದು ವಾರ ಬಿಟ್ಟರೆ ಪ್ರೋಟೀನು ಒಡೆದು ಅಮೈನೋ ಆಮ್ಲಗಳಾಗಿ, ಅಮೋನಿಯಮ್ ಆಗಿ ಬಿಡುಗಡೆಯಾಗುತ್ತದೆ. ತಿರುವುವುದರ ಉದ್ದೇಶ ಗಾಳಿ ಸೇರಿಸುವುದು. ಎಡಕ್ಕೆ ತಿರುವಿದರೂ ಬಲಕ್ಕೆ ತಿರುವಿದರೂ ಬ್ಯಾಕ್ಟೀರಿಯಾಕ್ಕೆ ಭೇದವಿಲ್ಲ, ತಿರುವದೆ ಬಿಟ್ಟರೆ ಮಾತ್ರ ಆಮ್ಲಜನಕ ತೀರಿ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಮರಕ್ಕೆ 10 ಲೀಟರಿನಂತೆ ಹಾಕಿದರೆ ಒಂದು ಸಲಕ್ಕೆ 40 ಗ್ರಾಂ ಸಾರಜನಕ. ವರ್ಷಕ್ಕೆ ಮೂರು ಸಲ ಕೊಟ್ಟರೆ 120. ಮೂವತ್ತು ಕಿಲೋ ಕೊಟ್ಟಿಗೆ ಗೊಬ್ಬರದಿಂದ ಕಡಿಮೆಯೆಂದರೂ 150 ಗ್ರಾಂ, ತರಗೆಲೆಯಿಂದ ಇನ್ನಷ್ಟು. ಈಗ ಲೆಕ್ಕ ಕೂಡಿಬರತೊಡಗುತ್ತದೆ. ಬೇವಿನ ಹಿಂಡಿಗೆ ಒಂದು ಹೆಚ್ಚುಗಾರಿಕೆಯಿದೆ: ಅಮೋನಿಯಮ್ಮನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳನ್ನು ಅದು ನಿಧಾನಗೊಳಿಸುತ್ತದೆ. ಮಳೆನೀರಿನಲ್ಲಿ ಸುಲಭವಾಗಿ ಕೊಚ್ಚಿಹೋಗುವುದು ನೈಟ್ರೇಟ್. ಯೂರಿಯಾ ಗೊಬ್ಬರಕ್ಕೆ ಬೇವಿನೆಣ್ಣೆ ಲೇಪಿಸುವುದರ ಹಿಂದಿರುವ ತತ್ವವೂ ಇದೇ. ಕುಟ್ಟದಂಥ ಮಳೆನಾಡಿಗೆ ಬೇವಿನ ಹಿಂಡಿಯೇ ನನ್ನ ಮೊದಲ ಆಯ್ಕೆ.

ಮೀನಿನ ದ್ರಾವಣವೂ ಈಗ ಬಳಕೆಗೆ ಬಂದಿದೆ. ಕೊರಿಯಾದ ಚೋ ಹಾನ್-ಕ್ಯು ಹರಡಿದ ನೈಸರ್ಗಿಕ ಕೃಷಿಯಲ್ಲಿ ಇದಕ್ಕೆ ಮೀನಿನ ಅಮೈನೋ ಆಮ್ಲ ಎಂದು ಹೆಸರು. ಕಣ್ಣೂರು ಕಡೆಯ ಮತ್ತಿ ಮೀನು ಕುಟ್ಟದ ಪೇಟೆಗೆ ಬರುವುದರಿಂದ ಇಲ್ಲಿ ಸಾಮಗ್ರಿಗೆ ತೊಂದರೆಯಿಲ್ಲ. ಮೀನಿನಷ್ಟೇ ತೂಕದ ಬೆಲ್ಲ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ತಿಂಗಳು ಇಟ್ಟರೆ ಬೆಲ್ಲ ಮೀನಿನ ನೀರನ್ನು ಹೊರಗೆಳೆಯುತ್ತದೆ, ಮೀನಿನ ಹೊಟ್ಟೆಯ ಕಿಣ್ವಗಳೇ ಅದರ ಮಾಂಸವನ್ನು ಕರಗಿಸುತ್ತವೆ. ಮುಚ್ಚಳವನ್ನು ಗಟ್ಟಿಯಾಗಿ ತಿರುಗಿಸಿಟ್ಟರೆ ಒಳಗಿನ ಅನಿಲದ ಒತ್ತಡಕ್ಕೆ ಡಬ್ಬ ಸಿಡಿದೀತು. ಒಂದು ಕಿಲೋ ಮತ್ತಿಯಲ್ಲಿ ಸುಮಾರು 30 ಗ್ರಾಂ ಸಾರಜನಕವಿದೆ, ಪೊಟ್ಯಾಶಿಯಂ ಅತ್ಯಲ್ಪ. ನರ್ಸರಿಯ ಸಸಿಗಳಿಗೆ, ಮೂರು ವರ್ಷದೊಳಗಿನ ಗಿಡಗಳಿಗೆ ಲೀಟರ್ ನೀರಿಗೆ ಐದು ಮಿಲಿಯಂತೆ ಇದು ಚೆನ್ನ. ಫಲಕ್ಕೆ ಬಂದ ಮರಗಳಿಗೆ ಇದನ್ನೇ ನೆಚ್ಚಿದರೆ ಮೀನಿನ, ಬೆಲ್ಲದ ಖರ್ಚು ಹಣ್ಣಿನ ಬೆಲೆಯನ್ನು ಮೀರುತ್ತದೆ. ನಾಗರಹೊಳೆಯ ಅಂಚಿನವರು ಇನ್ನೂ ಒಂದನ್ನು ನೆನಪಿಡಬೇಕು. ಹಲಸಿನ ವಾಸನೆ ಹಿಡಿದು ತೋಟಕ್ಕೆ ಬರುವ ಆನೆಗೆ ಹುಳಿತ ಬೆಲ್ಲದ ವಾಸನೆ ದೂರದಿಂದಲೇ ಸಿಗುತ್ತದೆ, ಮೀನಿನ ನಾತ ಹಂದಿಯನ್ನು ಕರೆಯುತ್ತದೆ. ಡ್ರಮ್ಮುಗಳನ್ನು ಕಾರ್ಮಿಕರ ಲೈನ್ ಮನೆಗಳ ಬಳಿ, ಜನ ಮಲಗುವ ಕಡೆ ಇಡಬೇಡಿ. ಗೋಡೆಯಿರುವ ಶೆಡ್ಡಿನೊಳಗೆ ಬೀಗ ಹಾಕಿಡಿ.

ಯಾವಾಗ ಹಾಕಬೇಕು ಎಂಬ ಪ್ರಶ್ನೆ ಏನು ಹಾಕಬೇಕು ಎಂಬುದಕ್ಕಿಂತ ಸಣ್ಣದಲ್ಲ. ಹೂಮಳೆಯ ಹೊತ್ತಿಗೆ ಕಾಫಿಯ ಜೊತೆಗೆ ಕಿತ್ತಳೆಯೂ ಹೂವಾಡುತ್ತದೆ. ಆ ಹೂವು ಹಣ್ಣಾಗಿ ಮಾಗಲು ಎಂಟೊಂಬತ್ತು ತಿಂಗಳು ಬೇಕು, ಪುತ್ತರಿ ಹಬ್ಬದ (ನವೆಂಬರ್–ಡಿಸೆಂಬರ್) ಸುಮಾರಿಗೆ ಕೊಯ್ಲು ಶುರು. ಮೊದಲ ಆರೇಳು ವಾರ ಕಾಯಿಯೊಳಗೆ ಜೀವಕೋಶಗಳು ಒಡೆದು ಹೆಚ್ಚುತ್ತವೆ, ಆಮೇಲಿನ ತಿಂಗಳುಗಳಲ್ಲಿ ಅವೇ ಕೋಶಗಳು ನೀರು ತುಂಬಿ ಉಬ್ಬುತ್ತವೆ, ಕೊನೆಯಲ್ಲಿ ಹುಳಿ ಇಳಿದು ಸಕ್ಕರೆ ಕೂಡುತ್ತದೆ. ಹಣ್ಣಿನಲ್ಲಿ ಎಷ್ಟು ಕೋಶಗಳಿರಬೇಕೆಂಬುದು ಮೇ ಮುಗಿಯುವುದರೊಳಗೆ ತೀರ್ಮಾನವಾಗಿಬಿಡುತ್ತದೆ. ಕ್ಯಾಲ್ಸಿಯಂ, ಬೋರಾನ್ ಕಾಯಿಗೆ ಸೇರುವುದೂ ಬಹುಪಾಲು ಆಗಲೇ. ಬೇಸಿಗೆಯ ಈ ಹದಕ್ಕೆ ಮೊದಲ ಎರಡು ಕಂತಿನ ಹಿಂಡಿನೀರು ಬೀಳಬೇಕು. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಏನನ್ನೂ ಹಾಕಬಾರದು. ಹಾಕಿದ್ದು ಮರುದಿನವೇ ತೋಡಿಗೆ, ತೋಡಿನಿಂದ ಹೊಳೆಗೆ ಹೋಗುತ್ತದೆ, ಕೆಳಗಿನವರು ಕುಡಿಯುವ ನೀರನ್ನೂ ಕೆಡಿಸುತ್ತದೆ. ಮಳೆ ಹಿಂದೆ ಸರಿದ ಸೆಪ್ಟೆಂಬರ್‌ನಲ್ಲಿ ಮೂರನೆಯ ಕಂತು, ಅಕ್ಟೋಬರ್‌ನಲ್ಲಿ ಪೊಟ್ಯಾಷ್ ಹೆಚ್ಚಿರುವ ಬಾಳೆದಿಂಡಿನ ಅಥವಾ ಹೊಟ್ಟುಗೊಬ್ಬರದ ಕಷಾಯ. ಆಮೇಲೆ ಸಾರಜನಕ ಬೇಡವೇ ಬೇಡ. ಚಳಿಗೆ ಸಿಪ್ಪೆಯ ಹಸಿರು ಕರಗಿ ಹಳದಿ ಮೂಡಬೇಕಾದ ಸಮಯದಲ್ಲಿ ಸಾರಜನಕ ಸಿಕ್ಕರೆ ಮರ ಚಿಗುರಲು ಹೊರಡುತ್ತದೆ.

ಹೊತ್ತಲ್ಲದ ಹೊತ್ತಿನ ಆ ಚಿಗುರು ಬಣ್ಣವನ್ನು ತಡಮಾಡಿ ಸುಮ್ಮನಾಗುವುದಿಲ್ಲ, ದೊಡ್ಡ ಅಪಾಯವನ್ನೇ ತರುತ್ತದೆ. ಸಿಟ್ರಸ್ ಸಿಲ್ಲಾ ಎಂಬ ಎಳ್ಳಿನಷ್ಟು ದೊಡ್ಡ ಕೀಟ ಮೊಟ್ಟೆಯಿಡುವುದು ಎಳೆ ಚಿಗುರಿನ ಮೇಲೆ ಮಾತ್ರ. ಅದರ ಮೂಲಕ ಹರಡುವ ಬ್ಯಾಕ್ಟೀರಿಯಾ ರೋಗಕ್ಕೆ ಗ್ರೀನಿಂಗ್ ಎನ್ನುತ್ತಾರೆ, ಚೀನೀ ಹೆಸರು ಹುವಾಂಗ್‌ಲಾಂಗ್‌ಬಿಂಗ್. ಅಮೆರಿಕದ ಫ್ಲಾರಿಡಾದಲ್ಲಿ ಇದು 2005ರಲ್ಲಿ ಪತ್ತೆಯಾಯಿತು. 2003–04ರಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿದ್ದ ಆ ರಾಜ್ಯ 2022–23ರಲ್ಲಿ 2 ಕೋಟಿಯನ್ನೂ ಮುಟ್ಟಲಿಲ್ಲ. ಚಂಡಮಾರುತಗಳ ಪಾಲೂ ಅದರಲ್ಲಿದೆ, ಆದರೆ ಬೆನ್ನು ಮುರಿದದ್ದು ಗ್ರೀನಿಂಗ್. ಕೊಡಗಿನ ಕಿತ್ತಳೆಯನ್ನು ಕಾಡುತ್ತಿರುವುದರಲ್ಲೂ ಇದು ಒಂದು. ಈ ರೋಗ ಬಂದ ಮರವನ್ನು ಯಾವ ಜೀವಾಮೃತವೂ ಪಂಚಗವ್ಯವೂ ವಾಸಿ ಮಾಡವು. ಸ್ವಲ್ಪ ದಿನ ಹಸಿರು ತರಿಸಿ, ರೋಗದ ಮೂಲವನ್ನು ತೋಟದೊಳಗೇ ಪೋಷಿಸಿದಂತಾಗುತ್ತದೆ. ಅಂಥ ಮರವನ್ನು ಬೇರುಸಹಿತ ತೆಗೆಯಬೇಕು. ಹೇಳಲು ಸಂಕಟವಾಗುವ ಮಾತು, ಆದರೆ ಪಕ್ಕದ ಮರಗಳನ್ನು ಉಳಿಸುವ ದಾರಿ ಅದೊಂದೇ.

ಗುರುತಿಸುವುದು ಹೇಗೆ? ಎಲೆಯನ್ನು ನಡುನರದ ಉದ್ದಕ್ಕೆ ಮಡಿಸಿ ನೋಡಿ. ಎರಡೂ ಬದಿಯಲ್ಲಿ ಹಳದಿ ಒಂದೇ ಥರ ಇದ್ದು ನರಗಳು ಹಸಿರಾಗಿದ್ದರೆ, ಎಲೆ ಕಿರಿದಾಗಿದ್ದರೆ, ಅದು ಸತುವಿನ ಕೊರತೆ. ಎರಡೂ ಬದಿಯ ಮಚ್ಚೆಗಳು ಒಂದಕ್ಕೊಂದು ಹೊಂದದಿದ್ದರೆ, ಹಣ್ಣು ಒಂದು ಪಕ್ಕಕ್ಕೆ ವಾಲಿ ತೊಟ್ಟಿನ ಎದುರು ತುದಿ ಹಸಿರಾಗಿಯೇ ಉಳಿದಿದ್ದರೆ, ಬೀಜ ಜಳ್ಳಾಗಿದ್ದರೆ ಗ್ರೀನಿಂಗ್ ಎಂದು ಅನುಮಾನಿಸಿ. ಸತುವಿನ ಕೊರತೆ ಕೊಡಗಿನ ಕಿತ್ತಳೆಗೆ ಹಳೆಯ ತೊಂದರೆ. ಅದನ್ನು ತುಂಬುವಷ್ಟು ಸತು ಮನೆಯ ಡ್ರಮ್ಮಿನಲ್ಲಿ ಇರುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದಕ್ಕೆಂದೇ ‘ಸಿಟ್ರಸ್ ಸ್ಪೆಷಲ್’ ಎಂಬ ಲಘುಪೋಷಕಾಂಶಗಳ ಮಿಶ್ರಣ ತಯಾರಿಸಿದೆ, ಎಲೆಗಳಿಗೆ ಸಿಂಪಡಿಸುವಂಥದ್ದು. ಪೂರ್ಣ ಸಾವಯವ ಪ್ರಮಾಣಪತ್ರ ಇರುವವರು ಪ್ರಮಾಣೀಕರಿಸುವವರ ಒಪ್ಪಿಗೆ ಪಡೆದು ಸತುವಿನ ಸಲ್ಫೇಟ್ ಬಳಸಬಹುದು. ಹಸಿದ ಮರಕ್ಕೆ ಸತು ಕೊಡುವುದನ್ನು ನಿಷ್ಠೆಯ ಪ್ರಶ್ನೆಯಾಗಿ ನೋಡಬಾರದು.

ಎಲ್ಲಿಗೆ ಹೊಯ್ಯಬೇಕೆಂಬುದಕ್ಕೂ ನಿಯಮವಿದೆ. ಉಣ್ಣುವ ಬೇರುಗಳು ಮೇಲಿನ ಒಂದಡಿ ಮಣ್ಣಿನಲ್ಲಿ, ಕೊಂಬೆಗಳ ಅಂಚಿನ ಕೆಳಗೆ ಹರಡಿರುತ್ತವೆ. ಕಾಂಡಕ್ಕೇ ಸುರಿದರೆ ತೊಗಟೆ ತೇವವಾಗಿ ಅಂಟು ಸೋರುವ ಕೊಳೆರೋಗಕ್ಕೆ ದಾರಿಯಾಗುತ್ತದೆ, ಆದ್ದರಿಂದ ಕಾಂಡದಿಂದ ಎರಡು ಅಡಿ ಬಿಟ್ಟು ಸುತ್ತಲೂ ಹೊಯ್ಯಿರಿ. ಅದೇ ತೋಟದ ಮೆಣಸಿನ ಸೊರಗು ರೋಗಕ್ಕೆಂದು ಮಳೆಗಾಲದ ಮೊದಲು ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರಲ್ಲಿರುವ ಮೈಲುತುತ್ತದ ತಾಮ್ರ ಶಿಲೀಂಧ್ರಗಳನ್ನು ಕೊಲ್ಲಲೆಂದೇ ಇರುವುದು, ಒಳ್ಳೆಯದು ಕೆಟ್ಟದ್ದು ಎಂದು ಅದು ನೋಡುವುದಿಲ್ಲ. ಬೋರ್ಡೋ ಕಲಸಿದ ಡ್ರಮ್ಮಿನಲ್ಲಿ ಜೀವಾಮೃತ ಮಾಡಬೇಡಿ, ಬೋರ್ಡೋ ಹೊಡೆದ ಬೆನ್ನಿಗೇ ಜೀವಾಮೃತ ಹಾಕಬೇಡಿ. ಕಿತ್ತಳೆಯ ಬೇರಿಗೆ ರೋಮಗಳು ಕಡಿಮೆ, ರಂಜಕ ಹೀರಲು ಅದು ಬೇರಿನೊಳಗೆ ನೆಲೆಸುವ ಶಿಲೀಂಧ್ರಗಳನ್ನು ನೆಚ್ಚಿಕೊಂಡಿದೆ. ವರ್ಷಾನುವರ್ಷ ಮಣ್ಣಿನಲ್ಲಿ ಕೂಡುವ ತಾಮ್ರ ಆ ಗೆಳೆತನಕ್ಕೂ ಪೆಟ್ಟು ಕೊಡುತ್ತದೆ. ಹಸಿ ಸಗಣಿಯಲ್ಲಿ ಮನುಷ್ಯರಿಗೆ ರೋಗ ತರುವ ಬ್ಯಾಕ್ಟೀರಿಯಾಗಳೂ ಇರಬಹುದಾದ್ದರಿಂದ ಕಾಯಿ ಬಲಿತ ಮೇಲೆ ಸಗಣಿಯ ದ್ರಾವಣವನ್ನು ಮರದ ಮೇಲೆ ಸಿಂಪಡಿಸಬಾರದು, ನೆಲಕ್ಕೆ ಮಾತ್ರ ಹಾಕಬೇಕು.

ಮಣ್ಣು ಹುಳಿಯಾಗಿದ್ದರೆ ಇವೆಲ್ಲದಕ್ಕೂ ಮೊದಲು ಸುಣ್ಣ. ಸುರಿಮಳೆ ಕ್ಯಾಲ್ಸಿಯಮ್ಮನ್ನೂ ಮೆಗ್ನೀಸಿಯಮ್ಮನ್ನೂ ತೊಳೆದುಕೊಂಡು ಹೋಗಿರುತ್ತದೆ. ಮೊಟ್ಟೆಯ ಚಿಪ್ಪನ್ನು ವಿನಿಗರಿನಲ್ಲಿ ಕರಗಿಸಿ ಸಿಂಪಡಿಸುವವರಿದ್ದಾರೆ. ರಸಾಯನಶಾಸ್ತ್ರ ಸರಿಯೇ, ಚಿಪ್ಪಿನ ಕ್ಯಾಲ್ಸಿಯಂ ಕಾರ್ಬೊನೇಟ್ ಕ್ಯಾಲ್ಸಿಯಂ ಅಸಿಟೇಟ್ ಆಗುತ್ತದೆ. ಆದರೆ ಎಕರೆಗಟ್ಟಲೆ ಹುಳಿಮಣ್ಣಿಗೆ ಚಿಪ್ಪು ಎಷ್ಟು ಬೇಕಾದೀತು! ಕಾಫಿಗೆ ಹಾಕುವ ಕೃಷಿ ಸುಣ್ಣವೇ ಕಿತ್ತಳೆಗೂ ಸಲ್ಲುತ್ತದೆ.

ದ್ರವಗೊಬ್ಬರ ಫಲ ಕೊಟ್ಟಿತೋ ಇಲ್ಲವೋ ತಿಳಿಯಲು ಒಂದೇ ಮಾರ್ಗ, ಕೆಲವು ಮರಗಳಿಗೆ ಹಾಕದೆ ಬಿಡುವುದು. ಒಂದೇ ವಯಸ್ಸಿನ, ಒಂದೇ ಬಗೆಯ ನೆರಳಿನ ಹತ್ತು ಮರಗಳನ್ನು ಆರಿಸಿ, ಐದಕ್ಕೆ ಹಾಕಿ, ಐದಕ್ಕೆ ಬರಿ ನೀರು ಹಾಕಿ. ಕೊಯ್ಲಿನಲ್ಲಿ ಪ್ರತಿ ಮರದ ನಾಲ್ಕೂ ದಿಕ್ಕಿನಿಂದ ಹಣ್ಣು ಕಿತ್ತು ತೂಗಿ, ರಸ ಅಳೆಯಿರಿ. ರಿಫ್ರಾಕ್ಟೋಮೀಟರ್ ಎಂಬ ಕೈಯಳತೆಯ ಉಪಕರಣದ ಗಾಜಿನ ಮೇಲೆ ಎರಡು ಹನಿ ರಸ ಬಿಟ್ಟು ಬೆಳಕಿಗೆ ಹಿಡಿದರೆ ಬ್ರಿಕ್ಸ್ ಅಂಕಿ ಕಾಣುತ್ತದೆ. ಹತ್ತರ ಮೇಲಿದ್ದರೆ ಒಳ್ಳೆಯ ಸಿಹಿ. ಎಲ್ಲ ಮರಗಳಿಗೂ ಹಾಕಿ ಹೋದ ವರ್ಷಕ್ಕಿಂತ ಚೆನ್ನಾಗಿದೆ ಎನ್ನುವುದರಲ್ಲಿ ಮಳೆಯ ಪಾಲು ಎಷ್ಟು, ಡ್ರಮ್ಮಿನ ಪಾಲು ಎಷ್ಟು ಎಂದು ಬಿಡಿಸಲಾಗದು.

ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಚೆಟ್ಟಳ್ಳಿಯಲ್ಲಿ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವೂ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವೂ ಇವೆ. ಕೊಡಗಿನ ಕಿತ್ತಳೆಯ ಬಗ್ಗೆ ದಶಕಗಳಿಂದ ಕೆಲಸ ಮಾಡಿದವರು ಅಲ್ಲಿದ್ದಾರೆ. ಮುಂದಿನ ಸಲ ಹಿಂಡಿ, ಬೆಲ್ಲ ಕೊಳ್ಳುವ ಮೊದಲು ನಿಮ್ಮ ತೋಟದ ನಾಲ್ಕೈದು ಕಡೆಯಿಂದ ಒಂದೊಂದು ಹಿಡಿ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಪರೀಕ್ಷೆಗೆ ಕೊಡಿ. ವರದಿ ಕೈಗೆ ಬಂದ ಮೇಲೆ ಡ್ರಮ್ಮಿಗೆ ಏನು ಹಾಕಬೇಕೆಂದು ನಿರ್ಧರಿಸಿ.